ಏವ್‌ಬರಿ: ಕಲ್ಲಿನ ಸರ್ಕಲ್ ಒಳಗೊಂದು ಊರು, ಆ ಊರಿನ ಗೋಡೆಯೊಳಗೆ ಅದೇ ಕಲ್ಲು

ಇಂಗ್ಲೆಂಡಿನ ಹಳ್ಳಿ ಅಂದ್ರೆ ಒಂದು ಚರ್ಚು, ಒಂದು ಪಬ್ಬು, ಮಧ್ಯೆ ನಾಲ್ಕಾರು ಹುಲ್ಲು ಮಾಡಿನ ಮನೆ ಅಂದ್ಕೊಂಡು ಬರೋರಿಗೆ ವಿಲ್ಟ್‌ಶೈರ್‌ನ ಏವ್‌ಬರಿ ಸ್ವಲ್ಪ ತಲೆ ಕೆಡಿಸುತ್ತೆ. ಚರ್ಚಿದೆ, ಪಬ್ಬಿದೆ, ಹುಲ್ಲಿನ ಮಾಡೂ ಇದೆ, ಆದ್ರೆ ಪಬ್ ಇರೋದು ನಾಲ್ಕೂವರೆ ಸಾವಿರ ವರ್ಷ ಹಿಂದೆ ದೊಡ್ಡ ದೊಡ್ಡ ಕಲ್ಲುಗಳನ್ನ ದುಂಡಗೆ ಸಾಲಾಗಿ ನಿಲ್ಲಿಸಿ ಮಾಡಿದ ಕಲ್ಲಿನ ಸರ್ಕಲ್ ಒಳಗೆ, ಚರ್ಚ್ ಇರೋದು ಅದರ ಹೊರಗೆ, ಸ್ವಿಂಡನ್‌ನಿಂದ ಡಿವೈಜಸ್‌ಗೆ ಹೋಗೋ ಮೇನ್ ರೋಡು ಸರ್ಕಲ್ಲನ್ನ ಸೀಳ್ಕೊಂಡೇ ಹೋಗುತ್ತೆ, ಲಾರಿ ಬಸ್ಸು ಎಲ್ಲಾ ಆ ಕಲ್ಲುಗಳ ಪಕ್ಕದಲ್ಲೇ ತಿರುವು ತಗೋತಾವೆ. ಊರಿಂದ ಯಾರೇ ಬಂದ್ರೂ ಸ್ಟೋನ್‌ಹೆಂಜ್ ತೋರ್ಸು ಅಂತಾರೆ, ಹೋಗಿ ಟಿಕೆಟ್ ತಗೊಂಡು ಹಗ್ಗದ ಆಚೆ ನಿಂತು ಫೋಟೋ ಹೊಡ್ಕೊಂಡು ವಾಪಸ್ ಬರ್ತಾರೆ. ಅದರ ಉತ್ತರಕ್ಕೆ ಕಾರಲ್ಲಿ ಮುಕ್ಕಾಲು ಗಂಟೆ ದೂರದ ಏವ್‌ಬರಿಲಿ ಕಲ್ಲು ನೋಡೋಕೆ ಟಿಕೆಟ್ಟೇ ಇಲ್ಲ, ಕಲ್ಲನ್ನ ಮುಟ್ಬಹುದು, ಒರಗಿ ಕೂತ್ಕೋಬಹುದು, ಪಕ್ಕದಲ್ಲಿ ಕುರಿ ಮೇಯ್ತಿರುತ್ತೆ. ಪಾರ್ಕಿಂಗಿಗೆ ಮಾತ್ರ ಕಾಸು ಕೊಡ್ಬೇಕು.

1986ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದಾಗ ಸ್ಟೋನ್‌ಹೆಂಜ್, ಏವ್‌ಬರಿ ಎರಡನ್ನೂ ಒಂದೇ ಹೆಸರಲ್ಲಿ ಸೇರಿಸಿದ್ರು. ಆದ್ರೆ ಸೈಜ್ ಲೆಕ್ಕದಲ್ಲಿ ನೋಡಿದ್ರೆ ಏವ್‌ಬರಿ ಎಷ್ಟೋ ದೊಡ್ಡದು. ಹೊರಗಿನ ಕಲ್ಲಿನ ಸರ್ಕಲ್ಲಿನ ಅಡ್ಡಳತೆನೇ 330 ಮೀಟರ್ ಹತ್ತಿರ, ಪ್ರಪಂಚದಲ್ಲೇ ಅತಿ ದೊಡ್ಡ ಕಲ್ಲಿನ ಸರ್ಕಲ್ ಇದು. ಅದರೊಳಗೆ ಇನ್ನೆರಡು ಚಿಕ್ಕ ಸರ್ಕಲ್ ಇದ್ವು, ಚಿಕ್ಕದು ಅಂದ್ರೂ ಒಂದೊಂದೂ ನೂರು ಮೀಟರ್ ಆಸುಪಾಸು. ಇದನ್ನೆಲ್ಲ ಸುತ್ತುವರಿದು ಒಂದು ಕಂದಕ, ಕಂದಕದ ಆಚೆ ಮಣ್ಣಿನ ದಿಬ್ಬ. 1908ರಿಂದ 1922ರ ತನಕ ಬಿಟ್ಟು ಬಿಟ್ಟು ಅಗೆದ ಹೆರಾಲ್ಡ್ ಸೇಂಟ್ ಜಾರ್ಜ್ ಗ್ರೇ ಕಂದಕದ ತಳ ಮುಟ್ಟಿದಾಗ ಗೊತ್ತಾಗಿದ್ದು ಏನಂದ್ರೆ, ಅದು ಮೊದಲು 9 ಮೀಟರಿಗೂ ಹೆಚ್ಚು ಆಳ ಇತ್ತು, ಈಗ ನಮಗೆ ಕಾಣೋದು ಮಣ್ಣು ತುಂಬ್ಕೊಂಡು ಉಳಿದಿರೋ ಮೇಲ್ಭಾಗ ಅಷ್ಟೇ. ಅಷ್ಟನ್ನೂ ತೋಡಿದ್ದು ಜಿಂಕೆ ಕೊಂಬಿನಲ್ಲಿ. ಕಬ್ಬಿಣ ಇನ್ನೂ ಗೊತ್ತೇ ಇಲ್ಲದ ಕಾಲ, ಕ್ರಿ.ಪೂ. 2850ರಿಂದ 2200ರ ಮಧ್ಯೆ ಹಂತ ಹಂತವಾಗಿ ಮಾಡಿರೋ ಕೆಲಸ ಇದು.

ಕಂದಕ ಒಳಗೆ, ದಿಬ್ಬ ಹೊರಗೆ, ಇದನ್ನ ಗಮನಿಸಿ. ಕೋಟೆ ಆಗಿದ್ರೆ ಕಂದಕ ಹೊರಗಡೆ ಇರ್ಬೇಕು, ಶತ್ರು ಬಂದು ಬೀಳೋಕೆ. ಇಲ್ಲಿ ಉಲ್ಟಾ. ಅದಕ್ಕೇ ಇದು ರಕ್ಷಣೆಗೆ ಕಟ್ಟಿದ್ದಲ್ಲ, ಏನೋ ಆಚರಣೆಗೆ, ಜನ ಸೇರೋದಕ್ಕೆ ಮಾಡಿದ್ದು ಅಂತ ಹೇಳ್ತಾರೆ. ಏನು ಆಚರಣೆ ಅಂತ ಕೇಳಿದ್ರೆ ಯಾರ ಹತ್ರನೂ ಉತ್ತರ ಇಲ್ಲ, ಬರವಣಿಗೆ ಇಲ್ಲದ ಜನ, ಏನೂ ಬರೆದಿಟ್ಟು ಹೋಗಿಲ್ಲ.

ಕಲ್ಲಿನ ಹೆಸರು ಸಾರ್ಸನ್. ಮರಳುಗಲ್ಲೇ, ಆದ್ರೆ ಸಿಲಿಕಾ ಸೇರ್ಕೊಂಡು ಗಟ್ಟಿಯಾಗಿರೋದು. ಗಣಿ ತೋಡಿ ತೆಗೆದಿದ್ದಲ್ಲ, ಪಕ್ಕದ ಮಾರ್ಲ್‌ಬರೋ ಡೌನ್ಸ್ ಅನ್ನೋ ಗುಡ್ಡಗಳ ಮೇಲೆ ಹಾಗೇ ಬಿದ್ದಿರುತ್ತೆ, ಈಗ್ಲೂ ಫೈಫೀಲ್ಡ್ ಡೌನ್‌ಗೆ ಹೋದ್ರೆ ದೂರದಿಂದ ಕುರಿಮಂದೆ ಮಲಗಿದ ಹಾಗೆ ಕಾಣುತ್ತೆ, ಹಳಬರು ಅದಕ್ಕೆ ಕುರಿ ಅಂತಲೇ ಹೆಸರಿಟ್ಟಿದ್ರು. ಸ್ಟೋನ್‌ಹೆಂಜ್‌ನ ದೊಡ್ಡ ಕಲ್ಲುಗಳೂ ಬಹುಪಾಲು ಇದೇ ಸೀಮೆಯ ವೆಸ್ಟ್ ವುಡ್ಸ್ ಕಾಡಿಂದ ಹೋಗಿದ್ದು ಅಂತ 2020ರಲ್ಲಿ ಕೆಮಿಕಲ್ ಟೆಸ್ಟ್ ಮಾಡಿ ತೋರಿಸಿದ್ರು. ಸ್ಟೋನ್‌ಹೆಂಜಿನೋರು ಕಲ್ಲನ್ನ ಕೆತ್ತಿ ಚೌಕ ಮಾಡಿದ್ರು, ಏವ್‌ಬರಿಯೋರು ಸಿಕ್ಕ ಹಾಗೇ ತಂದು ನಿಲ್ಲಿಸಿದ್ರು. ಉತ್ತರದ ಬಾಗಿಲ ಹತ್ರ ಇರೋ ಸ್ವಿಂಡನ್ ಸ್ಟೋನ್ ಸುಮಾರು 60 ಟನ್ ಅಂತಾರೆ, ಕೋವ್ ಅನ್ನೋ ಜಾಗದಲ್ಲಿರೋ ಒಂದು ಕಲ್ಲು ಭೂಮಿಯೊಳಗೂ ಆಳಕ್ಕೆ ಇಳಿದಿರೋದ್ರಿಂದ 100 ಟನ್ ಇರ್ಬಹುದು ಅಂತ ಅಂದಾಜು.

ಈಗ ಅಸಲು ಪ್ರಶ್ನೆ. ಹೊರ ಸರ್ಕಲ್ಲಿನಲ್ಲಿ ಮೊದಲು ಇದ್ದಿದ್ದು ನೂರರ ಹತ್ತಿರ ಕಲ್ಲು, ಈಗ ನಿಂತಿರೋದು ಮೂವತ್ತರ ಆಸುಪಾಸು. ಒಳಗಿನ ಸರ್ಕಲ್‌ಗಳಲ್ಲಂತೂ ಬೆರಳೆಣಿಕೆ. ಅರವತ್ತು ಟನ್ನಿನ ಕಲ್ಲು ಮಳೆಗಾಳಿಗೆ ಕರಗಿ ಹೋಗಲ್ಲ. ಹಾಗಾದ್ರೆ ಎಲ್ಲಿಗೆ ಹೋದ್ವು? ಇದನ್ನ ಹುಡುಕ್ತಾ ಹೋದ್ರೆ ಚರ್ಚಿನ ಕಥೆ, ಪಬ್ಬಿನ ಕಥೆ, ಊರಿನ ಮನೆಗಳ ಕಥೆ ಎಲ್ಲಾ ಒಂದೇ ದಾರದಲ್ಲಿ ಸಿಗುತ್ತೆ.

ಮೊದಲು ಚರ್ಚು. ಸೇಂಟ್ ಜೇಮ್ಸ್ ಚರ್ಚಿನ ಮಧ್ಯಭಾಗ, ಜನ ಕೂರೋ ನೇವ್, ಕ್ರಿ.ಶ. 1000ದ ಸುಮಾರಿನದ್ದು, ಅಂದ್ರೆ ಫ್ರಾನ್ಸ್ ಕಡೆಯಿಂದ ಬಂದು ದೇಶ ಗೆದ್ದ ನಾರ್ಮನ್ನರು ಇಂಗ್ಲೆಂಡಿಗೆ ಕಾಲಿಡೋ ಮುಂಚಿನ ಆಂಗ್ಲೋ ಸ್ಯಾಕ್ಸನ್ ಕಟ್ಟಡ. 1086ರಲ್ಲಿ ವಿಲಿಯಂ ರಾಜ ದೇಶಪೂರ್ತಿ ಆಸ್ತಿ ಲೆಕ್ಕ ಬರೆಸಿದ ಡೂಮ್ಸ್‌ಡೇ ದಾಖಲೆಯಲ್ಲೂ ಏವ್‌ಬರಿ ಚರ್ಚ್ ಇದೆ, ರೈನ್‌ಬೋಲ್ಡ್ ಅನ್ನೋ ಪಾದ್ರಿ ಕೈಲಿತ್ತು ಅಂತ. ಗೋಡೆ ಮೇಲ್ಗಡೆ ತಲೆ ಎತ್ತಿ ನೋಡಿದ್ರೆ ದುಂಡಗಿನ ಸಣ್ಣ ಕಿಟಕಿಗಳು ಕಾಣ್ತಾವೆ, ಹಡಗಿನ ಕಿಟಕಿ ಥರ, ಅವು ಸ್ಯಾಕ್ಸನ್ ಕಾಲದವು. ಒಳಗೆ ಹೋಗೋ ದಕ್ಷಿಣದ ಬಾಗಿಲಿನ ಕಮಾನಿನಲ್ಲಿ ಗರಗಸದ ಹಲ್ಲಿನ ಥರ ಅಂಕುಡೊಂಕು ಕೆತ್ತನೆ ಇದ್ಯಲ್ಲ, ಅದು ನಾರ್ಮನ್ನರ ಸಹಿ ಅಂತಾನೇ ಅಂದ್ಕೊಳ್ಳಿ, ಇಂಗ್ಲೆಂಡಿನಲ್ಲಿ ಎಲ್ಲಿ ಈ ಡಿಸೈನ್ ಕಂಡ್ರೂ 12ನೇ ಶತಮಾನ ಅಂತ ಊಹೆ ಮಾಡ್ಬಹುದು. ಗೋಪುರ 15ನೇ ಶತಮಾನದ್ದು. ಒಂದೇ ಕಟ್ಟಡ, ಐನೂರು ವರ್ಷ ಯಾರ್ಯಾರೋ ಸೇರಿಸ್ತಾ ಹೋಗಿದಾರೆ, ಹಳ್ಳಿ ಚರ್ಚುಗಳು ಬಹುಪಾಲು ಹೀಗೇ, ಒಂದೇ ಸಲಕ್ಕೆ ಕಟ್ಟಿ ಮುಗಿಸಿದ್ದು ಅಪರೂಪ.

ಈ ಚರ್ಚಲ್ಲಿ ನಿಂತು ನೋಡ್ಬೇಕಾದ್ದು ಎರಡು. ಒಂದು, ಬ್ಯಾಪ್ಟಿಸಂ ಮಾಡೋ ನೀರಿನ ಕಲ್ಲಿನ ತೊಟ್ಟಿ. ಅದರ ಮೇಲೆ ಒಬ್ಬ ಬಿಷಪ್ಪು ಕೈಲಿ ಕೋಲು ಹಿಡ್ಕೊಂಡು ನಿಂತಿದಾನೆ, ಎರಡೂ ಕಡೆಯಿಂದ ಹಾವಿನಂಥ ಪ್ರಾಣಿಗಳು ಅವನ ಮೇಲೆ ಬರ್ತಿವೆ. ಹಳೇ ನಂಬಿಕೆಯನ್ನ ಹೊಸ ಧರ್ಮ ತುಳೀತು ಅನ್ನೋದೇ ಅದರರ್ಥ ಅಂತ ಊರಿನ ಗೈಡುಗಳು ಖುಷಿಯಾಗಿ ಹೇಳ್ತಾರೆ, ಆದ್ರೆ ಕಲ್ಲಿನ ಸರ್ಕಲ್ ಇಲ್ಲದ ಊರುಗಳ ಚರ್ಚಲ್ಲೂ ಬಿಷಪ್ಪು ಹಾವು ಸಿಗ್ತಾವೆ, ಹಾಗಾಗಿ ನಾನಂತೂ ಅದನ್ನ ಅಷ್ಟು ಸೀರಿಯಸ್ಸಾಗಿ ತಗೊಳ್ಳಲ್ಲ.

ಇನ್ನೊಂದು ರೂಡ್ ಲಾಫ್ಟ್. ಹಳೇ ಕಾಲದ ಚರ್ಚಲ್ಲಿ ಜನ ಕೂರೋ ಜಾಗಕ್ಕೂ ಪಾದ್ರಿ ಪೂಜೆ ಮಾಡೋ ಜಾಗಕ್ಕೂ ಮಧ್ಯೆ ಮರದ ಒಂದು ಅಡ್ಡ ತೆರೆ ಇರ್ತಿತ್ತು, ಅದರ ಮೇಲೆ ಅಟ್ಟ, ಅಟ್ಟದ ಮೇಲೆ ಏಸುವಿನ ದೊಡ್ಡ ಶಿಲುಬೆ, ಮೇಣದಬತ್ತಿ. ಇಂಗ್ಲೆಂಡ್ ರೋಮ್‌ನ ಪೋಪ್ ಜೊತೆ ಸಂಬಂಧ ಕಡ್ಕೊಂಡ ಮೇಲೆ ಮೂರ್ತಿ ಗೀರ್ತಿ ಎಲ್ಲಾ ತೆಗೀರಿ ಅಂದ್ರು, 1561ರಲ್ಲಿ ಎಲಿಜಬೆತ್ ರಾಣಿ ಕಾಲದಲ್ಲಿ ಅಟ್ಟಗಳನ್ನೂ ಇಳಿಸಿ ಅಂತ ಆರ್ಡರ್ ಬಂತು. ದೇಶದ ಸಾವಿರಾರು ಚರ್ಚುಗಳಲ್ಲಿ ಕೊಡಲಿ ಬಿತ್ತು. ಏವ್‌ಬರಿಯೋರು ಏನು ಮಾಡಿದ್ರು ಅಂದ್ರೆ, ಅಟ್ಟದ ಮುಂಭಾಗವನ್ನ ಗೋಡೆಗೆ ಒರಗಿಸಿ ಮೇಲೆ ಪ್ಲಾಸ್ಟರ್ ಮೆತ್ತಿಬಿಟ್ರು! ಕಾಣಲ್ಲ, ಆರ್ಡರ್ ಪಾಲಿಸಿದ ಹಾಗೂ ಆಯ್ತು. 19ನೇ ಶತಮಾನದ ಶುರುವಿನಲ್ಲಿ ಚರ್ಚ್ ರಿಪೇರಿ ಮಾಡೋವಾಗ ಪ್ಲಾಸ್ಟರ್ ಹಿಂದಿಂದ ಅದು ಹೊರಗೆ ಬಂತು. ಇಂಗ್ಲೆಂಡಿನಲ್ಲಿ ರೂಡ್ ಲಾಫ್ಟ್ ಉಳಿದಿರೋ ಚರ್ಚು ತುಂಬಾ ಕಮ್ಮಿ, ಅದರಲ್ಲಿ ಇದೊಂದು. ಕೆಳಗಿನ ತೆರೆ ಮಾತ್ರ ಆಮೇಲೆ ಮಾಡಿಸಿದ್ದು.

ಈ ಬಚ್ಚಿಡೋ ಬುದ್ಧಿ ಈ ಊರಿಗೆ ಹೊಸದೇನಲ್ಲ, ಯಾಕಂದ್ರೆ ಅದಕ್ಕೂ ಇನ್ನೂರು ವರ್ಷ ಮುಂಚೆ ಇದೇ ಊರಿನೋರು ಕಲ್ಲುಗಳನ್ನೂ ಬಚ್ಚಿಟ್ಟಿದ್ರು. 14ನೇ ಶತಮಾನದ ಶುರುವಿನಲ್ಲಿ ಹಲವಾರು ಕಲ್ಲುಗಳ ಬುಡದಲ್ಲಿ ಗುಂಡಿ ತೋಡಿ, ಅದರೊಳಗೆ ಬೀಳಿಸಿ, ಮಣ್ಣು ಮುಚ್ಚಿದಾರೆ. ಯಾಕೆ ಅನ್ನೋದಕ್ಕೆ ಎರಡು ವಾದ. ಸೈತಾನನ ಕಲ್ಲುಗಳು ಅಂತ ಚರ್ಚಿನೋರು ಹೆದರಿಸಿದ್ರು ಅನ್ನೋದು ಒಂದು, ದಕ್ಷಿಣದ ಬಾಗಿಲಿನ ದೊಡ್ಡ ಕಲ್ಲಿಗೆ ಈಗ್ಲೂ ಸೈತಾನನ ಕುರ್ಚಿ ಅಂತಾನೇ ಹೆಸರಿದೆ, ಅದರಲ್ಲಿ ಕೂರೋ ಥರ ಒಂದು ಹಳ್ಳ ಇದೆ, ಮಕ್ಕಳು ಲೈನ್ ಹಚ್ಚಿ ಕೂತು ಫೋಟೋ ತೆಗೆಸ್ಕೋತಾರೆ. ಉಳುಮೆಗೆ ಅಡ್ಡ ಬರ್ತಿತ್ತು, ಜಾಗ ಬೇಕಿತ್ತು ಅನ್ನೋದು ಇನ್ನೊಂದು. ಎರಡೂ ಇದ್ದಿರ್ಬಹುದು, ಹಳ್ಳಿ ಜನ ಯಾವತ್ತೂ ಒಂದೇ ಕಾರಣಕ್ಕೆ ಅಷ್ಟು ಕಷ್ಟ ಪಡಲ್ಲ.

ಹಾಗೆ ಕಲ್ಲು ಹೂಳೋ ಕಾಲದ ಒಬ್ಬ ಮನುಷ್ಯ ನಮಗೆ ಸಿಕ್ಕಿದಾನೆ. 1938ರಲ್ಲಿ ಒಂದು ಹೂತ ಕಲ್ಲನ್ನ ಎತ್ತಿದಾಗ ಅದರ ಪಕ್ಕದಲ್ಲಿ ಅಸ್ಥಿಪಂಜರ, ಜೊತೆಗೆ ಕತ್ತರಿ, ಚೂಪಾದ ಒಂದು ಕಬ್ಬಿಣದ ಸಾಧನ, 1320-25ರ ಸುಮಾರಿನ ಬೆಳ್ಳಿ ನಾಣ್ಯ. ಆ ಕಾಲದಲ್ಲಿ ಕ್ಷೌರ ಮಾಡೋನೇ ಸಣ್ಣಪುಟ್ಟ ಆಪರೇಷನ್ನೂ ಮಾಡ್ತಿದ್ದ, ಹಾಗಾಗಿ ಇವನಿಗೆ ಬಾರ್ಬರ್ ಸರ್ಜನ್ ಅಂತ ಹೆಸರು ಬಿತ್ತು. ಕಲ್ಲು ಬೀಳಿಸೋವಾಗ ಅದರಡಿ ಸಿಕ್ಕಿ ಸತ್ತ ಅನ್ನೋ ಕಥೆ ತುಂಬಾ ಫೇಮಸ್ಸು. ಅಸ್ಥಿಪಂಜರವನ್ನ ಲಂಡನ್ನಿಗೆ ಕಳ್ಸಿದ್ರು, 1941ರ ಬಾಂಬ್ ದಾಳಿಯಲ್ಲಿ ಅದಿದ್ದ ಕಟ್ಟಡಕ್ಕೆ ಏಟು ಬಿತ್ತು, ಹೋಯ್ತು ಅಂತ ಎಲ್ರೂ ಸುಮ್ನಾದ್ರು. 1990ರ ದಶಕದ ಕೊನೆಯಲ್ಲಿ ನೋಡಿದ್ರೆ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಆರಾಮಾಗಿ ಇದೆ. ಮತ್ತೆ ಪರೀಕ್ಷೆ ಮಾಡಿದಾಗ ಕಲ್ಲಿಗೆ ಸಿಕ್ಕಿ ಜಜ್ಜಿ ಹೋದ ಗುರುತು ಮೂಳೆಯಲ್ಲಿ ಸರಿಯಾಗಿ ಕಾಣಲಿಲ್ಲ, ಮೊದಲೇ ಸತ್ತೋನನ್ನ ಅಲ್ಲಿ ಹೂತಿರ್ಬಹುದು ಅನ್ನೋ ಅನುಮಾನ ಬಂತು. ಗೈಡುಗಳು ಈಗ್ಲೂ ಹಳೇ ಕಥೆನೇ ಹೇಳ್ತಾರೆ, ಜನಕ್ಕೆ ಅದೇ ಬೇಕು.

ಹೂತ ಕಲ್ಲು ಹಾಳಾಗಲಿಲ್ಲ, ಅದೇ ಅದೃಷ್ಟ. ನಿಜವಾದ ನಾಶ ಶುರುವಾಗಿದ್ದು 17ನೇ ಶತಮಾನದ ಕೊನೆಗೆ. ಅದಕ್ಕೆ ಸ್ವಲ್ಪ ಮುಂಚೆ, 1649ರ ಜನವರಿಯಲ್ಲಿ, ಜಾನ್ ಆಬ್ರಿ ಅನ್ನೋನು ಬೇಟೆಗೆ ಬಂದಾಗ ಈ ಕಲ್ಲುಗಳು ಅವನ ಕಣ್ಣಿಗೆ ಬಿದ್ವು. ಊರಿನೋರಿಗೆ ಅದು ದಿನಾ ನೋಡೋ ಕಲ್ಲು, ಓದಿದೋರಲ್ಲಿ ಮೊದಲು ಬೆರಗಾದೋನು ಇವನು. ಸ್ಟೋನ್‌ಹೆಂಜ್ ಒಂದು ಸಾಧಾರಣ ಊರ ಚರ್ಚು ಅಂದ್ರೆ ಇದು ಕೆಥೆಡ್ರಲ್ಲು ಅಂತ ಬರೆದ, 1663ರಲ್ಲಿ ಎರಡನೇ ಚಾರ್ಲ್ಸ್ ರಾಜನನ್ನೇ ಕರ್ಕೊಂಡು ಬಂದು ತೋರಿಸಿದ. ಡೈರಿ ಬರೆದು ಹೆಸರು ಮಾಡಿದ ಸ್ಯಾಮ್ಯುಯೆಲ್ ಪೀಪ್ಸ್ 1668ರಲ್ಲಿ ಈ ದಾರಿಲಿ ಹೋಗ್ತಾ ನಿಂತು ನೋಡಿದಾನೆ.

ಅದೇ ಸಮಯಕ್ಕೆ ಸರ್ಕಲ್ ಒಳಗೆ ಇನ್ನೊಂದು ಪ್ರಾರ್ಥನಾ ಮನೆ ಬಂತು. ಇಂಗ್ಲೆಂಡಿನಲ್ಲಿ ಚರ್ಚ್ ಬೇರೆ, ಚಾಪೆಲ್ ಬೇರೆ, ಇದು ಗೊತ್ತಿದ್ರೆ ಹಳ್ಳಿ ಅರ್ಥ ಮಾಡ್ಕೊಳ್ಳೋದು ಸುಲಭ. ಗೋಪುರ, ಸ್ಮಶಾನ, ಊರಿನ ಮೇಲೆ ಅಧಿಕಾರ ಎಲ್ಲಾ ಇರೋದು ಸರ್ಕಾರದ ಧರ್ಮವಾದ ಚರ್ಚ್ ಆಫ್ ಇಂಗ್ಲೆಂಡಿನ ಪ್ಯಾರಿಷ್ ಚರ್ಚಿಗೆ. ಅದನ್ನ ಒಪ್ಪದೇ ನಾವೇ ಬೇರೆ ಪ್ರಾರ್ಥನೆ ಮಾಡ್ಕೋತೀವಿ ಅಂದೋರು ಕಟ್ಕೊಂಡಿದ್ದು ಚಾಪೆಲ್ಲು. 1665ರಲ್ಲಿ ಇವರನ್ನ ಮಟ್ಟ ಹಾಕೋಕೆ ಒಂದು ಕಾನೂನು ತಂದ್ರು, ಇಂಥ ಪಾದ್ರಿಗಳು ಪಟ್ಟಣಗಳಿಂದ ಐದು ಮೈಲಿ ಒಳಗೆ ಕಾಲಿಡಂಗಿಲ್ಲ ಅಂತ. ಮ್ಯಾಪ್ ಹಾಕ್ಕೊಂಡು ನೋಡಿ, ಮಾರ್ಲ್‌ಬರೋ, ಕಾನ್, ಡಿವೈಜಸ್ ಮೂರೂ ಪಟ್ಟಣದಿಂದ ಏವ್‌ಬರಿ ಐದು ಮೈಲಿಗಿಂತ ಸ್ವಲ್ಪ ಹೆಚ್ಚು ದೂರ. ಎಲ್ಲಾ ಕಡೆಯಿಂದ ಜನ ನಡ್ಕೊಂಡು ಬರ್ಬಹುದು, ಕಾನೂನೂ ಮುಟ್ಟಲ್ಲ. ಅವರ ಚಾಪೆಲ್ಲಿನ ಗೋಡೆಗೂ ಸಾರ್ಸನ್ ಕಲ್ಲೇ ಬಿತ್ತು.

ಅಂಥ ಗಟ್ಟಿ ಕಲ್ಲನ್ನ ಒಡೆಯೋದು ಹೇಗೆ ಅಂತ ಊರಿಗೆ ಮೊದಲು ಹೊಳೀತಲ್ಲ, ಅದಕ್ಕೂ ಪಬ್ಬಿಗೂ ನೇರ ಸಂಬಂಧ ಇದೆ. 1719ರಿಂದ 1724ರ ತನಕ ಮತ್ತೆ ಮತ್ತೆ ಇಲ್ಲಿಗೆ ಬಂದು ಪ್ರತಿ ಕಲ್ಲನ್ನೂ ಅಳೆದು ಚಿತ್ರ ಬರೆದ ವಿಲಿಯಂ ಸ್ಟೂಕ್ಲಿ ಅನ್ನೋ ಡಾಕ್ಟರು ಇದನ್ನ ಬರೆದಿಟ್ಟಿದಾನೆ. 1694ರ ಸುಮಾರಿಗೆ ವಾಲ್ಟರ್ ಸ್ಟ್ರೆಚ್ ಅನ್ನೋನು ಬೆಂಕಿಯಿಂದ ಕಲ್ಲು ಒಡೆಯೋ ಉಪಾಯ ಕಂಡುಹಿಡಿದ, ಮೊದಲ ಪ್ರಯೋಗ ಮಾಡಿದ್ದು ಊರಿನ ಒಂದು ಇನ್, ಅಂದ್ರೆ ಉಳ್ಕೊಳ್ಳೋಕೂ ಜಾಗ ಇರೋ ಪಬ್ಬು, ಅದರ ಎದುರು ರಸ್ತೆಯಲ್ಲಿ ನಿಂತಿದ್ದ ಕಲ್ಲಿನ ಮೇಲೆ, ಆ ಒಂದೇ ಕಲ್ಲಿಂದ ಇಪ್ಪತ್ತು ಗಾಡಿ ಲೋಡ್ ಕಲ್ಲು ಬಂತು, ಅದರಲ್ಲಿ ಇನ್ನಿನ ಊಟದ ರೂಮಿನ ಭಾಗ ಕಟ್ಟಿದ್ರು. ಆ ಇನ್ ಈಗಿಲ್ಲ. ವಿಧಾನ ಏನಂದ್ರೆ, ಪಕ್ಕದಲ್ಲಿ ಗುಂಡಿ ತೋಡಿ ಕಲ್ಲನ್ನ ಅದರೊಳಗೆ ಕೆಡವೋದು, ಕೆಳಗೆ ಹುಲ್ಲು ತುಂಬಿ ಬೆಂಕಿ ಹಚ್ಚೋದು, ಕಲ್ಲು ಚೆನ್ನಾಗಿ ಕಾದ ಮೇಲೆ ಎಲ್ಲಿ ಸೀಳ್ಬೇಕೋ ಆ ಗೆರೆ ಮೇಲೆ ತಣ್ಣೀರು ಸುರಿಯೋದು, ತಕ್ಷಣ ದೊಡ್ಡ ಸುತ್ತಿಗೆಯಲ್ಲಿ ಏಟು. ನಮ್ಮ ಕಡೆ ಬಂಡೆ ಮೇಲೆ ಸೌದೆ ಒಟ್ಟಿ ಬೆಂಕಿ ಹಾಕಿ ಚಪ್ಪಡಿ ಎಬ್ಬಿಸ್ತಿದ್ರಲ್ಲ, ಹೆಚ್ಚುಕಮ್ಮಿ ಅದೇ ಲೆಕ್ಕ. ಟಾಮ್ ರಾಬಿನ್ಸನ್ ಅನ್ನೋನಂತೂ ಇದನ್ನೇ ಕಸುಬು ಮಾಡ್ಕೊಂಡಿದ್ದ, ಸ್ಟೂಕ್ಲಿಗೆ ಅವನ ಮೇಲೆ ಎಷ್ಟು ಕೋಪ ಅಂದ್ರೆ ಬರೆಯೋವಾಗೆಲ್ಲ ಶಾಪ ಹಾಕ್ತಾನೆ.

ಊರೊಳಗೆ ಒಂದು ರೌಂಡ್ ಹಾಕಿ ಮನೆಗಳ ಗೋಡೆ ನೋಡಿ. ಬೂದು ಬಣ್ಣದ ಒರಟು ಸಾರ್ಸನ್ ತುಂಡುಗಳು, ಮೂಲೆಗಳಲ್ಲಿ ಮಾತ್ರ ಕೆಂಪು ಇಟ್ಟಿಗೆ. ಮೂಲೆಗೆ ಯಾಕೆ ಇಟ್ಟಿಗೆ ಅಂದ್ರೆ, ಈ ಕಲ್ಲು ಒಡೆಯುತ್ತೆ ಆದ್ರೆ ನೇರ ಅಂಚು ಬರೋ ಹಾಗೆ ಕೆತ್ತೋಕೆ ಬಗ್ಗಲ್ಲ, ಕಿಟಕಿ ಬಾಗಿಲ ಸುತ್ತನೂ ಅದೇ ಕಾರಣಕ್ಕೆ ಇಟ್ಟಿಗೆ ಕಟ್ಟಿದಾರೆ. ಕೆಲವು ತುಂಡಲ್ಲಿ ಬೆಂಕಿ ತಾಗಿ ಬಣ್ಣ ತಿರುಗಿರೋದೂ ಕಾಣುತ್ತೆ. ಇನ್ನೊಂದು ಏನಂದ್ರೆ ಸಾರ್ಸನ್ ಗೋಡೆ ಬೆವರುತ್ತೆ, ಚಳಿಗಾಲದಲ್ಲಿ ಒಳಗಡೆ ಹಸಿ ಹಸಿ, ಅಷ್ಟು ಕಷ್ಟ ಪಟ್ಟು ಒಡೆದು ಕಟ್ಟಿದೋರಿಗೆ ಸಿಕ್ಕಿದ್ದು ಶೀತದ ಮನೆ.

ಸ್ಟೂಕ್ಲಿ ಮಾಡಿದ ಉಪಕಾರ ದೊಡ್ಡದು, ಅವನ ಚಿತ್ರ ಇಲ್ದಿದ್ರೆ ಯಾವ ಕಲ್ಲು ಎಲ್ಲಿತ್ತು ಅಂತ ಗೊತ್ತಾಗ್ತಾನೇ ಇರ್ಲಿಲ್ಲ. ಆದ್ರೆ ಆಮೇಲೆ ಪಾದ್ರಿಯಾದ ಅವನು ಇದೆಲ್ಲ ಡ್ರೂಯಿಡ್ ಅನ್ನೋ ಪುರಾತನ ಪುರೋಹಿತರು ಕಟ್ಟಿದ ಹಾವಿನಾಕಾರದ ದೇವಸ್ಥಾನ ಅಂತ ಹಠ ಹಿಡಿದ. ಡ್ರೂಯಿಡರು ಬಂದಿದ್ದು ಈ ಕಲ್ಲು ನಿಲ್ಲಿಸಿ ಎರಡು ಸಾವಿರ ವರ್ಷ ಕಳೆದ ಮೇಲೆ! ಆದ್ರೂ ಆ ಹುಚ್ಚು ಎಲ್ಲಿ ತನಕ ಹೋಯ್ತು ಅಂದ್ರೆ, ನಮ್ಮ ಸುರಪುರದಲ್ಲಿ ಕಂಪನಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್, ಟೇಲರ್ ಮಂಜಿಲ್ ಕಟ್ಟಿಸಿದಾನಲ್ಲ ಅವನೇ, 19ನೇ ಶತಮಾನದ ಮಧ್ಯದಲ್ಲಿ ರಾಜನಕೋಳೂರು ಕಡೆಯ ಕಲ್ಲುಗೋರಿಗಳನ್ನ ಅಗೆಸಿ ವರದಿ ಬರೆದಾಗ ಅವಕ್ಕೂ ಕೆಲ್ಟಿಕ್, ಡ್ರೂಯಿಡ್ ಅಂತ ಹೆಸರು ಹಚ್ಚಿದ. ಅವು ಕಬ್ಬಿಣ ಯುಗದ್ದು, ಏವ್‌ಬರಿಗಿಂತ ಸಾವಿರಾರು ವರ್ಷ ಈಚಿನವು, ಎರಡಕ್ಕೂ ಯಾವ ಸಂಬಂಧನೂ ಇಲ್ಲ. ಈಗ್ಲೂ ಜೂನ್ 21ರ ಹೊತ್ತಿಗೆ ಬಿಳೀ ನಿಲುವಂಗಿ ಹಾಕ್ಕೊಂಡೋರು ಏವ್‌ಬರಿಗೆ ಬಂದು ಪೂಜೆ ಮಾಡ್ತಾರೆ, ಮುಗಿಸ್ಕೊಂಡು ಸೀದಾ ಪಬ್ಬಿಗೆ.

ಆ ಪಬ್ಬು ರೆಡ್ ಲಯನ್. ಕಪ್ಪು ಬಿಳುಪಿನ ಗೋಡೆ, ದಪ್ಪ ಹುಲ್ಲಿನ ಮಾಡು, 17ನೇ ಶತಮಾನದಲ್ಲಿ ತೋಟದ ಮನೆಯಾಗಿ ಕಟ್ಟಿದ್ದು, 1802ರಲ್ಲಿ ಲೈಸೆನ್ಸ್ ಸಿಕ್ಕಿ ಇನ್ ಆಯ್ತು. ಕಲ್ಲಿನ ಸರ್ಕಲ್ ಒಳಗಿರೋ ಪ್ರಪಂಚದ ಒಂದೇ ಪಬ್ ಅಂತ ಹೇಳ್ಕೋತಾರೆ. ಒಳಗೊಂದು ಹಳೇ ಬಾವಿ ಇದೆ, 26 ಮೀಟರ್ ಆಳ ಅಂತೆ, ಬಾಯಿಗೆ ಗಾಜು ಮುಚ್ಚಿ ಅದನ್ನೇ ಟೇಬಲ್ ಮಾಡಿದಾರೆ, ಗ್ಲಾಸ್ ಇಟ್ಕೊಂಡು ಕೆಳಗೆ ಬಗ್ಗಿ ನೋಡ್ಬಹುದು. ಫ್ಲೋರಿ ಅನ್ನೋಳ ದೆವ್ವ ಇದೆ ಅಂತ ಒಂದು ಕಥೆ, ಯುದ್ಧದಿಂದ ವಾಪಸ್ ಬಂದ ಗಂಡ ಅವಳನ್ನ ಬೇರೆಯವನ ಜೊತೆ ನೋಡಿ ಕೊಂದು ಬಾವಿಗೆ ಹಾಕಿದ್ನಂತೆ. ಇಂಗ್ಲೆಂಡಿನಲ್ಲಿ ದೆವ್ವ ಇಲ್ಲದ ಹಳೇ ಪಬ್ ಹುಡುಕೋದೇ ಕಷ್ಟ, ಬಿಸಿನೆಸ್‌ಗೆ ಒಳ್ಳೇದಲ್ವಾ.

ಹಳ್ಳಿಯ ಪಬ್ ಇಷ್ಟು ದೊಡ್ಡದಾಗಿ ಯಾಕಿರುತ್ತೆ ಅನ್ನೋದಕ್ಕೆ ಉತ್ತರ ರಸ್ತೆಯಲ್ಲಿದೆ. ಲಂಡನ್ನಿಂದ ಬಾತ್ ಊರಿಗೆ ಹೋಗೋ ಹಳೇ ಹೆದ್ದಾರಿ, ಈಗಿನ ಎ4, ಏವ್‌ಬರಿ ಪಕ್ಕದ ಬೆಕ್‌ಹ್ಯಾಂಪ್ಟನ್ ಮೇಲೆ ಹೋಗುತ್ತೆ. ಕುದುರೆ ಕೋಚ್‌ಗಳ ಕಾಲದಲ್ಲಿ ಕೆಲವು ಮೈಲಿಗೊಂದು ಸಲ ಕುದುರೆ ಬದಲಾಯಿಸ್ಬೇಕಿತ್ತು, ಪ್ರಯಾಣಿಕರಿಗೆ ಊಟ ಹಾಸಿಗೆ ಬೇಕಿತ್ತು, ಆಳುಗಳಿಗೆ ಬಿಯರ್ ಬೇಕಿತ್ತು. ಬೆಕ್‌ಹ್ಯಾಂಪ್ಟನ್ನಿನ ವ್ಯಾಗನ್ ಅಂಡ್ ಹಾರ್ಸಸ್ ಅಂಥದ್ದೇ, ಹುಲ್ಲು ಮಾಡು, ಗೋಡೆ ಮತ್ತೆ ಅದೇ ಸಾರ್ಸನ್ ಕಲ್ಲು. 1841ರಲ್ಲಿ ಲಂಡನ್ನಿಂದ ಬ್ರಿಸ್ಟಲ್ಲಿಗೆ ರೈಲು ಪೂರ್ತಿ ಓಡೋಕೆ ಶುರುವಾಯ್ತು, ಕೋಚ್ ವ್ಯವಹಾರ ಬಿದ್ದೋಯ್ತು, ಉಳಿದಿದ್ದು ಊರಿನೋರಿಗೆ ಕುಡಿಯೋ ಜಾಗ.

ಇನ್ನು ಪಬ್ಬಿನ ಯಜಮಾನಿಕೆ. ತುಂಬಾ ಪಬ್‌ಗಳ ಕಟ್ಟಡ ಬಿಯರ್ ಕಂಪನಿಯದ್ದೇ ಆಗಿರುತ್ತೆ, ನಡೆಸೋರು ಬಾಡಿಗೆದಾರರು, ಆ ಕಂಪನಿಯ ಬಿಯರನ್ನೇ ತಗೋಬೇಕು. ಅದಕ್ಕೇ ಡಿವೈಜಸ್ ಸುತ್ತಮುತ್ತ ಎಲ್ಲಿ ಹೋದ್ರೂ ಅಲ್ಲಿನ ವಾಡ್‌ವರ್ತ್ ಕಂಪನಿಯ ಬೋರ್ಡೇ ಕಾಣುತ್ತೆ, 1875ರಲ್ಲಿ ಶುರುವಾಗಿದ್ದು, ದೊಡ್ಡ ಶೈರ್ ಕುದುರೆಗಳ ಗಾಡಿಯಲ್ಲಿ ಪೀಪಾಯಿ ಸಾಗಿಸೋದಕ್ಕೆ ಹೆಸರುವಾಸಿ. ಫ್ರೀ ಹೌಸ್ ಅಂತ ಬರೆದಿದ್ರೆ ಬಿಟ್ಟಿ ಕೊಡ್ತಾರೆ ಅಂತಲ್ಲ, ಯಾವ ಕಂಪನಿಗೂ ಕಟ್ಟುಬಿದ್ದಿಲ್ಲ ಅಂತ. ನಮ್ಮೋರು ಮೊದಲ ಸಲ ಕಾಸ್ಕ್ ಏಲ್ ಕುಡಿದು ಇದೇನ್ ಬೆಚ್ಚಗಿದೆ ಅಂತ ಮುಖ ಕಿವುಚ್ತಾರೆ. ಅದು ನೆಲಮಾಳಿಗೆಯ ಪೀಪಾಯಿಯಲ್ಲೇ ಇನ್ನೂ ಹುದುಗ್ತಾ ಇರೋ ಬಿಯರ್ರು, 11ರಿಂದ 13 ಡಿಗ್ರಿಯಲ್ಲಿ ಇಟ್ಟಿರ್ತಾರೆ, ಉದ್ದ ಹಿಡಿಯ ಪಂಪ್ ಎಳೆದು ಮೇಲೆ ತರ್ತಾರೆ, ಐಸ್ ಥರ ತಣ್ಣಗೆ ಮಾಡಿದ್ರೆ ರುಚಿನೇ ಹೋಗುತ್ತೆ. ಟೇಬಲ್‌ಗೆ ಬಂದು ಕೇಳ್ತಾರೆ ಅಂತ ಕಾಯ್ಬೇಡಿ, ಎದ್ದು ಕೌಂಟರಿಗೆ ಹೋಗಿ.

ಬ್ಯಾಂಕ್ ಹಾಲಿಡೇ, ಅಂದ್ರೆ ಎಲ್ರಿಗೂ ಸಿಗೋ ಸಾರ್ವಜನಿಕ ರಜೆ ದಿನ ಮಾತ್ರ ಇಲ್ಲಿಗೆ ಬರ್ಬೇಡಿ, ಕಾಲಿಡೋಕೆ ಜಾಗ ಇರಲ್ಲ. ತಮಾಷೆ ಏನಂದ್ರೆ ಆ ರಜೆಗೂ ಈ ಕಲ್ಲಿಗೂ ಒಬ್ಬನೇ ಮನುಷ್ಯ ಕಾರಣ. ಜಾನ್ ಲಬಕ್ ಅನ್ನೋ ಬ್ಯಾಂಕರ್, ಪಾರ್ಲಿಮೆಂಟ್ ಸದಸ್ಯ, 1871ರಲ್ಲಿ ಬ್ಯಾಂಕ್ ಹಾಲಿಡೇ ಕಾನೂನು ತಂದ, ಅದೇ ಹೊತ್ತಿಗೆ ಏವ್‌ಬರಿ ಸರ್ಕಲ್ ಒಳಗೆ ಮನೆ ಕಟ್ಟೋಕೆ ಸೈಟ್ ಮಾರ್ತಿದಾರೆ ಅಂತ ಗೊತ್ತಾಗಿ ಜಾಗವನ್ನ ತಾನೇ ಕೊಂಡ್ಕೊಂಡ. 1882ರಲ್ಲಿ ಬ್ರಿಟನ್ನಿನ ಮೊದಲ ಸ್ಮಾರಕ ರಕ್ಷಣೆ ಕಾನೂನು ಅವನದ್ದೇ ಪ್ರಯತ್ನ. 1900ರಲ್ಲಿ ಲಾರ್ಡ್ ಪದವಿ ಕೊಟ್ಟಾಗ ಲಾರ್ಡ್ ಏವ್‌ಬರಿ ಅಂತಾನೇ ಹೆಸರು ತಗೊಂಡ. ನಾವು ಹೈಸ್ಕೂಲಲ್ಲಿ ಉರು ಹೊಡೆದ ಹಳೇ ಶಿಲಾಯುಗ, ನವಶಿಲಾಯುಗ ಅನ್ನೋ ವಿಂಗಡಣೆ ಇದ್ಯಲ್ಲ, ಅದನ್ನ 1865ರಲ್ಲಿ ಮಾಡಿದ್ದೂ ಇವನೇ.

ಈಗ ನಾವು ನೋಡೋ ಏವ್‌ಬರಿ ಮಾತ್ರ ಅಲೆಕ್ಸಾಂಡರ್ ಕೀಲರ್ ಮಾಡಿದ್ದು. ಸ್ಕಾಟ್ಲೆಂಡಿನ ಡಂಡೀಯ ಮಾರ್ಮಲೇಡ್ ಕಂಪನಿ ಮನೆತನದೋನು, ಕಿತ್ತಳೆ ಜಾಮಿನ ದುಡ್ಡು. ಊರಿನ ಜಮೀನು, ಚರ್ಚ್ ಪಕ್ಕದ ಮ್ಯಾನರ್ ಬಂಗಲೆ ಎಲ್ಲಾ ಸೇರಿಸ್ಕೊಂಡು, 1934ರಿಂದ 1939ರ ತನಕ ಅಗೆದು, 14ನೇ ಶತಮಾನದಲ್ಲಿ ಹೂತಿದ್ದ ಕಲ್ಲುಗಳನ್ನ ಮೇಲೆತ್ತಿ ಅವುಗಳ ಮೂಲ ಗುಂಡಿಯಲ್ಲೇ ನಿಲ್ಲಿಸಿದ. ಪುಡಿ ಆಗಿ ಹೋದ ಕಲ್ಲಿನ ಜಾಗದಲ್ಲಿ ಕಾಂಕ್ರೀಟ್ ಗೂಟ ನೆಟ್ಟ, ಹೋದಾಗ ಆ ಮೋಟು ಗೂಟಗಳನ್ನ ಎಣಿಸ್ತಾ ನಡೀರಿ, ಮನೆ ಗೋಡೆಗೆ ಹೋದ ಲೆಕ್ಕ ಅಲ್ಲಿ ಸಿಗುತ್ತೆ. ದಕ್ಷಿಣಕ್ಕೆ ಎರಡೂವರೆ ಕಿಲೋಮೀಟರ್ ಹೋಗೋ ಜೋಡಿ ಕಲ್ಲಿನ ದಾರಿಯ ಒಂದು ಭಾಗವನ್ನೂ ಹೀಗೇ ಎಬ್ಬಿಸಿದ. 1938ರಲ್ಲಿ ಮ್ಯೂಸಿಯಂ ತೆರೆದ, 1943ರಲ್ಲಿ 12,000 ಪೌಂಡಿಗೆ ಎಲ್ಲಾ ಹಳೇ ಜಾಗಗಳನ್ನ ಕಾಪಾಡೋ ನ್ಯಾಷನಲ್ ಟ್ರಸ್ಟ್ ಅನ್ನೋ ಸಂಸ್ಥೆಗೆ ಮಾರಿದ.

ಆದ್ರೆ ಕಲ್ಲು ಕಾಣ್ಬೇಕು ಅಂದ್ರೆ ಊರು ಸರೀಬೇಕಲ್ಲ. ಸರ್ಕಲ್ ಒಳಗಿದ್ದ ಎಷ್ಟೋ ಮನೆ, ಕೊಟ್ಟಿಗೆ ಕೆಡವಿದ್ರು, ಕೀಲರ್ ಕಾಲದಲ್ಲೂ ಕೆಡವಿದ್ರು, ಟ್ರಸ್ಟ್ ಬಂದ ಮೇಲೂ ಸ್ವಲ್ಪ ಕಾಲ ಮುಂದುವರೀತು. ಜನ ದಿಬ್ಬದ ಆಚೆ ಏವ್‌ಬರಿ ಟ್ರಸ್ಲೋ ಕಡೆ ಸ್ಥಳೀಯ ಆಡಳಿತ ಬಾಡಿಗೆಗೆ ಕೊಡೋ ಹೊಸ ಕೌನ್ಸಿಲ್ ಮನೆಗಳಿಗೆ ಹೋದ್ರು. ಕಲ್ಲು ಒಡೆದ ರಾಬಿನ್ಸನ್ನನ್ನ ಎಲ್ಲಾ ಪುಸ್ತಕದಲ್ಲೂ ಬೈತಾರೆ, ಮನೆ ಒಡೆದಿದ್ದಕ್ಕೆ ಒಂದು ಸಾಲು ಸಿಕ್ಕಿದ್ರೆ ಹೆಚ್ಚು. ನನಗೆ ಇದು ಸರಿ ಅನ್ಸಲ್ಲ, ಆದ್ರೂ ಕೀಲರ್ ಬರ್ದೇ ಇದ್ದಿದ್ರೆ ಅಲ್ಲಿ ಇವತ್ತು ಪೆಟ್ರೋಲ್ ಬಂಕು ಕಲ್ಲು ಅಕ್ಕಪಕ್ಕ ಇರ್ತಿದ್ವು ಅನ್ನೋದೂ ನಿಜಾನೇ. 2003ರಲ್ಲಿ ನೆಲ ಅಗೆಯದೇ ಸರ್ವೆ ಮಾಡಿದಾಗ ಇನ್ನೂ ಕನಿಷ್ಠ 15 ಕಲ್ಲು ಮಣ್ಣೊಳಗೆ ಮಲಗಿರೋದು ಗೊತ್ತಾಯ್ತು. 2017ರಲ್ಲಿ ಅದೇ ಥರದ ಸರ್ವೆಯಲ್ಲಿ ದಕ್ಷಿಣದ ಒಳ ಸರ್ಕಲ್ ಮಧ್ಯೆ 30 ಮೀಟರ್ ಅಗಲದ ಚೌಕಾಕಾರದ ಕಲ್ಲಿನ ರಚನೆಯ ಗುರುತು ಸಿಕ್ತು.

ಸಮಯ ಇದ್ರೆ ಊರಿನ ಆಚೆನೂ ನಡೀರಿ. ದಕ್ಷಿಣಕ್ಕೆ ರಸ್ತೆ ಪಕ್ಕದಲ್ಲೇ ಸಿಲ್ಬರಿ ಹಿಲ್, ಕ್ರಿ.ಪೂ. 2400ರ ಸುಮಾರಿಗೆ ಕೈಯಲ್ಲೇ ಪೇರಿಸಿದ ಸುಣ್ಣಮಣ್ಣಿನ ಗುಡ್ಡ, 30 ಮೀಟರಿಗೂ ಎತ್ತರ. ಒಳಗೆ ರಾಜ, ಚಿನ್ನದ ಕುದುರೆ ಇದೆ ಅಂತ 1776ರಲ್ಲಿ ಮೇಲಿಂದ ಬಾವಿ ತೋಡಿದ್ರು, 1849ರಲ್ಲಿ ಪಕ್ಕದಿಂದ ಸುರಂಗ, 1968ರಲ್ಲಿ ಟೀವಿಯೋರ ಕ್ಯಾಮೆರಾ ಮುಂದೆ ಇನ್ನೊಂದು ಸುರಂಗ. ಸಮಾಧಿ ಗಿಮಾಧಿ ಏನೂ ಸಿಗಲಿಲ್ಲ. 2000ದಲ್ಲಿ 1776ರ ಬಾವಿ ಕುಸಿದು ನೆತ್ತಿಯಲ್ಲಿ ದೊಡ್ಡ ತೂತು ಬಿತ್ತು, 2007-08ರಲ್ಲಿ ಸುಣ್ಣಕಲ್ಲು ತುಂಬಿ ಮುಚ್ಚಿದ್ರು, ಈಗ ಹತ್ತೋಕೆ ಬಿಡಲ್ಲ. ಎದುರು ದಿಣ್ಣೆ ಮೇಲೆ ವೆಸ್ಟ್ ಕೆನೆಟ್ ಲಾಂಗ್ ಬ್ಯಾರೋ, ಸಿಲ್ಬರಿಗಿಂತ ಸಾವಿರ ವರ್ಷಕ್ಕೂ ಹಳೇದು, 100 ಮೀಟರ್ ಉದ್ದದ ಸಮಾಧಿ ದಿಬ್ಬ, ಒಳಗೆ ಕಲ್ಲಿನ ಕೋಣೆಗಳಿಗೆ ನಡ್ಕೊಂಡೇ ಹೋಗ್ಬಹುದು, ಟಾರ್ಚ್ ಇಟ್ಕೊಳ್ಳಿ.

ಪಶ್ಚಿಮಕ್ಕೆ ಚೆರಿಲ್ ಗುಡ್ಡದಲ್ಲಿ ಹುಲ್ಲು ಕೆರೆದು ಮಾಡಿದ ಬಿಳೀ ಕುದುರೆ, 1780ರದ್ದು, ಡಾಕ್ಟರ್ ಆಲ್ಸಪ್ ಅನ್ನೋನು ಕೆಳಗೆ ದೂರದಲ್ಲಿ ನಿಂತು ಕಹಳೆ ಥರದ ಕೊಳವೆಯಲ್ಲಿ ಕೂಗ್ತಾ ಕೆಲಸ ಮಾಡಿಸಿದ್ನಂತೆ. ಅದರ ಮೇಲಿನ ಎತ್ತರದ ಕಲ್ಲಿನ ಕಂಬ 1845ರ ಲ್ಯಾನ್ಸ್‌ಡೌನ್ ಸ್ಮಾರಕ. ಹೆಸರು ಕೇಳಿದ ಹಾಗಿದ್ಯಾ? ಪಕ್ಕದ ಬೋವುಡ್ ಬಂಗಲೆಯ ಅದೇ ಲ್ಯಾನ್ಸ್‌ಡೌನ್ ಮನೆತನದೋನೇ 1888ರಿಂದ 1894ರ ತನಕ ಭಾರತದ ವೈಸರಾಯ್ ಆಗಿದ್ದ, ಮೈಸೂರಿಗೆ ಬಂದ ನೆನಪಿಗೆ ಲ್ಯಾನ್ಸ್‌ಡೌನ್ ಬಿಲ್ಡಿಂಗ್ ಎದ್ದಿದ್ದು, 2012ರಲ್ಲಿ ಅದರ ಒಂದು ಭಾಗ ಕುಸಿದುಬಿತ್ತಲ್ಲ, ಅದೇ.

ಚರ್ಚಿನ ಹುಚ್ಚಿದ್ದೋರು ಮಾತ್ರ ದಕ್ಷಿಣದ ಗುಡ್ಡ ದಾಟಿ ಆಲ್ಟನ್ ಪ್ರಯರ್ಸ್ ತನಕ ಹೋಗಿ. ಹೊಲದ ಮಧ್ಯೆ ಆಲ್ ಸೇಂಟ್ಸ್ ಅನ್ನೋ ಪುಟ್ಟ ಚರ್ಚು, ಹೊರಗೆ ಪೊಳ್ಳಾದ ಭಾರೀ ಹಳೇ ಯೂ ಮರ. ಈಗ ದಿನನಿತ್ಯದ ಪೂಜೆ ಇಲ್ಲ, ಹಳೇ ಚರ್ಚುಗಳನ್ನ ನೋಡ್ಕೊಳ್ಳೋ ಟ್ರಸ್ಟ್ ಕೈಲಿದೆ. ಒಳಗೆ ನೆಲದ ಮರದ ಹಲಗೆಯಲ್ಲಿ ಸಣ್ಣ ಮುಚ್ಚಳಗಳಿವೆ, ಎತ್ತಿ ನೋಡಿದ್ರೆ ಕೆಳಗೆ ಸಾರ್ಸನ್ ಕಲ್ಲು. ಹಳೇ ಪೂಜೆಯ ಜಾಗದ ಮೇಲೆ ಚರ್ಚ್ ಕಟ್ಟಿದ್ರು ಅಂತ ಕೆಲವರು, ಬರೀ ಪಾಯದ ಕಲ್ಲು ಅಂತ ಕೆಲವರು. ನೋಡಿದ್ಮೇಲೆ ಮುಚ್ಚಳ ಸರಿಯಾಗಿ ವಾಪಸ್ ಹಾಕಿ, ಒಳಗೆ ಲೈಟ್ ಕಮ್ಮಿ, ಹಿಂದೆ ಬರೋರು ಕಾಲು ಸಿಕ್ಕಿಸ್ಕೊಂಡು ಬೀಳ್ತಾರೆ.